ಫುಟ್‌ಪಾತ್ ಇದ್ದೂ ರಸ್ತೆಯಲ್ಲೇ ನಡೆಯಬೇಕೆ?

ಪ್ರಶ್ನೆ: ತುಮಕೂರಿನ ಅಂಚಿನ ಹೊಸ ಬಡಾವಣೆಯಲ್ಲಿದ್ದೇವೆ. ಮೂವತ್ತಡಿ ರಸ್ತೆ. ಈಚೆಗೆ ಫುಟ್‌ಪಾತೂ ಆಯಿತು. ಆದರೂ ಮಂಡಿನೋವಿರುವ ನಮ್ಮ ಅತ್ತೆ ಹಾಲಿಗೆ ಹೋಗುವುದು ರಸ್ತೆಯಲ್ಲೇ. ಫುಟ್‌ಪಾತ್ ವಿಪರೀತ ಎತ್ತರ, ಗೇಟಿಗೊಂದು ಕಾರಿನ ಇಳಿಜಾರು, ನಡುನಡುವೆ ಚಪ್ಪಡಿ ಕಿತ್ತ ಚರಂಡಿ. ಮಗನನ್ನು ಸ್ಕೂಲಿಗೆ ನಡೆಸಿ ಕಳಿಸಲು ಧೈರ್ಯವಿಲ್ಲ. ಕೇಳಿದರೆ ‘ಜಾಗ ಇಲ್ಲಮ್ಮ’ ಅಂತಾರೆ. ಏನು ಮಾಡಲಿ?
– ಗೃಹಿಣಿ, ತುಮಕೂರು

ಉತ್ತರ: ರಸ್ತೆ ಕಾಮಗಾರಿಯಲ್ಲೇ ನೌಕರಿ ಮುಗಿಸಿದವನು ನಾನು. ಹಿರಿಯರು ಹತ್ತಲಾಗದ್ದನ್ನು ಫುಟ್‌ಪಾತ್ ಎಂದು ಒಪ್ಪುವುದಿಲ್ಲ.

ಮೊದಲು ಜಾಗದ ಮಾತು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ವಾಸದ ಬೀದಿಗಳಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಆರಡಿ, ಅಡೆತಡೆಯಿಲ್ಲದ ನಡಿಗೆಯ ಜಾಗ ಇರಬೇಕು ಎನ್ನುತ್ತದೆ. ಎರಡು ಬದಿಗೂ ಆರಾರು ಅಡಿ ಬಿಟ್ಟರೂ ನಿಮ್ಮ ಮೂವತ್ತಡಿಯಲ್ಲಿ ಹದಿನೆಂಟು ಅಡಿ ಉಳಿಯುತ್ತದೆ. ಎರಡು ಕಾರು ಎದುರಾದರೂ ನಿಧಾನವಾಗಿ ದಾಟಬಹುದು. ಸಾಲದೇ ಬರುವುದು ಹಗಲೂ ರಾತ್ರಿ ರಸ್ತೆಯಲ್ಲೇ ನಿಲ್ಲುವ ಕಾರುಗಳಿಗೆ.

ಇನ್ನು ಎತ್ತರ. ನಮ್ಮ ಕಡೆ ಫುಟ್‌ಪಾತ್ ಅಂದರೆ ಬಹುಪಾಲು ಚರಂಡಿಯ ಮುಚ್ಚಳ. ಚರಂಡಿ ಗೋಡೆ ಎಲ್ಲಿಗೆ ಬಂತೋ ಅಲ್ಲಿಗೆ ಚಪ್ಪಡಿ. ಹೂಳೆತ್ತಲು ಕಿತ್ತದ್ದು ಎಷ್ಟೋ ಸಲ ಹಾಗೇ ಬಿದ್ದಿರುತ್ತದೆ. ಫುಟ್‌ಪಾತಿನ ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಮನೆಯ ಮೆಟ್ಟಿಲಿನಷ್ಟು, ಅಷ್ಟೆ. ಅದೂ ಸಲೀಸಲ್ಲ. ಗೇಟುಗೇಟಿಗೂ ಇಳಿದು ಹತ್ತುವುದೆಂದರೆ ನಿಮ್ಮ ಅತ್ತೆಯವರು ಹಾಲು ತರಲು ದಿನವೂ ಮಹಡಿ ಹತ್ತಿದ ಹಾಗೆ.

ಗೇಟಿನ ಇಳಿಜಾರು ಮಾತ್ರ ನಮ್ಮವರೇ ಮಾಡಿಕೊಂಡದ್ದು. ಅದು ಕಾಂಪೌಂಡಿನ ಒಳಗಿರಬೇಕು, ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು. ದೂರು ಬರೆಯುವ ಮೊದಲು ನೆರೆಯವರ ಜೊತೆ ಕೂತು ಮಾತಾಡಿ. ನಿಮ್ಮ ಮನೆಯದನ್ನೇ ಮೊದಲು ಸರಿಮಾಡಿಸಿದರೆ ಮಾತಿಗೆ ತೂಕ ಬರುತ್ತದೆ. ತರಕಾರಿ ಗಾಡಿಯವರನ್ನು ಎಬ್ಬಿಸಿ ಎಂದು ದಯವಿಟ್ಟು ಬರೆಯಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅವರಿಗೆ ಜಾಗ ಗುರುತಿಸಿ ಕೊಡಬೇಕು. ಬೀದಿಯಲ್ಲಿ ನಾಲ್ಕು ಜನ ಕೂತಿದ್ದರೆ ಸಂಜೆ ಹೆಣ್ಣುಮಕ್ಕಳಿಗೂ ಧೈರ್ಯ.

ಆಮೇಲೆ ರಸ್ತೆ ಯಾರದು ಎಂದು ತಿಳಿದುಕೊಳ್ಳಿ. ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿರದಿದ್ದರೆ ಅಲ್ಲಿ ಅರ್ಜಿ ಕೊಟ್ಟು ಪ್ರಯೋಜನವಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಬೇಕು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ಕಾಮಗಾರಿಯ ಅಂದಾಜುಪಟ್ಟಿ, ಆದ ಕೆಲಸದ ಅಳತೆ ಬರೆದಿಡುವ ‘ಅಳತೆ ಪುಸ್ತಕ’ದ ನಕಲು, ಗುತ್ತಿಗೆದಾರರ ನಿರ್ವಹಣೆಯ ಅವಧಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಕಲು ಬಂದಾಗ ಟೇಪು ಹಿಡಿದು ಅಳೆಯಿರಿ. ನಿರ್ವಹಣೆಯ ಅವಧಿ ಮುಗಿದಿರದಿದ್ದರೆ ಕಾಮಗಾರಿಯ ದೋಷವನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು.

ದುರಸ್ತಿಗೆ ಅರ್ಜಿ ಬರೆಯುವಾಗ ಇಡೀ ಬಡಾವಣೆಗೆ ಒಟ್ಟಿಗೆ ಕೇಳಬೇಡಿ. ಹಾಲಿನ ಬೂತಿನವರೆಗೆ ಒಂದು, ಶಾಲೆಯವರೆಗೆ ಒಂದು, ಎರಡೇ ದಾರಿ ಕೇಳಿ, ಫೋಟೊ ಲಗತ್ತಿಸಿ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ, ಅದನ್ನೂ ಒಂದು ಸಾಲು ಸೇರಿಸಿ. ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಜಾಗ ಇಲ್ಲ’ ಎಂದು ಮತ್ತೆ ಹೇಳಿದರೆ, ಅದನ್ನೇ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಬರೆದುಕೊಡಲು ಕೇಳಿ.