ನಮ್ಮ ಸಭೆ ಮೂಲದಲ್ಲಿ ಪ್ರೆಸ್ಬಿಟೀರಿಯನ್ನೇ?: ಸಂಪಾದಕರ ಉತ್ತರ

ಬಳ್ಳಾರಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು. ಅವರ ಸಭೆ ಸ್ಮರಣ ಸಂಚಿಕೆ ತರುವ ತಯಾರಿಯಲ್ಲಿದೆ. ‘ನಾವು ಮೂಲದಲ್ಲಿ ಪ್ರೆಸ್ಬಿಟೀರಿಯನ್ನರು’ ಎಂದು ಹಿರಿಯರೊಬ್ಬರು ಹೇಳುತ್ತಾರೆ. ಅಜ್ಜಿಯ ದೀಕ್ಷಾಸ್ನಾನದ ಚೀಟಿಯಲ್ಲಿ ‘ಎಸ್.ಐ.ಯು.ಸಿ.’ ಎಂದಿದೆ. ಈಗಿನ ಬೋರ್ಡಿನಲ್ಲಿ ‘ಸಿ.ಎಸ್.ಐ.’ (ಚರ್ಚ್ ಆಫ್ ಸೌತ್ ಇಂಡಿಯಾ) ಎಂದಿದೆ, ಅದರ ಕೆಳಗೆ ಸಭಾಪಾಲಕರ ಹೆಸರಿನ ಮುಂದೆ ‘ಪ್ರೆಸ್ಬಿಟರ್’ ಎಂದಿದೆ. ಸಂಚಿಕೆಯಲ್ಲಿ ಏನೆಂದು ಬರೆಯುವುದು? ಪ್ರೆಸ್ಬಿಟೀರಿಯನ್ನರು ನಂಬುವುದೇನು?

ಮೊದಲು ಆ ಬೋರ್ಡಿನ ಮಾತು ಮುಗಿಸೋಣ, ಗೊಂದಲದ ಅರ್ಧ ಭಾಗ ಅಲ್ಲಿಯದೇ. ‘ಪ್ರೆಸ್ಬುತೆರೊಸ್’ ಎಂಬ ಗ್ರೀಕ್ ಪದಕ್ಕೆ ಹಿರಿಯ ಎಂದರ್ಥ. ಸಿ.ಎಸ್.ಐ.ನಲ್ಲಿ ದೀಕ್ಷೆ ಪಡೆದ ಸಭಾಪಾಲಕರಿಗೆ ಆ ಹೆಸರಿದೆ, ಅವರ ಮೇಲೆ ಬಿಷಪ್ ಇರುತ್ತಾರೆ. ಪ್ರೆಸ್ಬಿಟೀರಿಯನ್ ಪದ್ಧತಿಯಲ್ಲಿ ಬೋಧಿಸುವ ಸಭಾಪಾಲಕರೂ ಹಿರಿಯರೇ, ಸಭೆ ಆರಿಸಿದ ಆಡಳಿತದ ಹಿರಿಯರೂ ಹಿರಿಯರೇ, ಬಿಷಪ್ ಎಂಬ ಹುದ್ದೆಯೇ ಇಲ್ಲ. ಪದ ಒಂದೇ, ವ್ಯವಸ್ಥೆ ಬೇರೆ. ಬೋರ್ಡಿನ ಆ ಪದವನ್ನು ಮೂಲದ ಪುರಾವೆ ಎಂದು ಸಂಚಿಕೆಯಲ್ಲಿ ಹಾಕಬೇಡಿ.

ಇನ್ನು ಇತಿಹಾಸ. ಬಳ್ಳಾರಿಯ ಪ್ರಾಟೆಸ್ಟಂಟ್ ಕೆಲಸದ ಬೇರು ಲಂಡನ್ ಮಿಷನರಿ ಸೊಸೈಟಿಯದು. 1800ರಲ್ಲಿ ಈ ಸೀಮೆ ನಿಜಾಮರಿಂದ ಕಂಪನಿಯ ಕೈಗೆ ಬಂತು. 1810ರಲ್ಲಿ ಆ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. ಅವರ ಹೆಸರಿನ ಜೊತೆ ನಿಲ್ಲುವ ಇಡೀ ಕನ್ನಡ ಬೈಬಲ್ 1831ರಲ್ಲಿ ಪೂರ್ಣವಾಯಿತು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರದು. 1795ರಲ್ಲಿ ಹುಟ್ಟಿದ ಈ ಸೊಸೈಟಿ ಮರುವರ್ಷವೇ ಒಂದು ಮೂಲತತ್ತ್ವ ಬರೆದಿಟ್ಟಿತು: ಪ್ರೆಸ್ಬಿಟೀರಿಯನ್, ಇಂಡಿಪೆಂಡೆಂಟ್ (ಸ್ವತಂತ್ರ ಸಭೆಗಳ), ಎಪಿಸ್ಕೋಪಲ್ (ಬಿಷಪ್ ಆಡಳಿತದ) ಎಂಬ ಯಾವ ಪದ್ಧತಿಯನ್ನೂ ನಾವು ಕಳಿಸುವುದಿಲ್ಲ, ಸುವಾರ್ತೆಯನ್ನಷ್ಟೇ ಕಳಿಸುತ್ತೇವೆ, ಆಡಳಿತದ ರೂಪವನ್ನು ಅಲ್ಲಿಯ ವಿಶ್ವಾಸಿಗಳೇ ಆರಿಸಿಕೊಳ್ಳಲಿ. ಆದರೂ ನಡೆಯುತ್ತ ನಡೆಯುತ್ತ ಅದು ಬಹುಮಟ್ಟಿಗೆ ಕಾಂಗ್ರಿಗೇಷನಲ್ ಜನರ ಸೊಸೈಟಿಯಾಯಿತು. ಅಂದರೆ ಪ್ರತಿ ಸಭೆಯೂ ತನ್ನ ತೀರ್ಮಾನವನ್ನು ತಾನೇ ಮಾಡಿಕೊಳ್ಳಬೇಕೆನ್ನುವವರು.

ನಿಮ್ಮ ಹಿರಿಯರನ್ನು ದಾರಿ ತಪ್ಪಿಸಿರಬಹುದಾದ ಇನ್ನೊಂದು ಹೆಸರು ವಾರ್ಡ್ಲಾ. 1846ರಲ್ಲಿ ಶುರುವಾದ ವಾರ್ಡ್ಲಾ ಶಾಲೆ ಊರಿಗೆಲ್ಲ ಗೊತ್ತು. ಹೆಸರು ಸ್ಕಾಟ್ಲೆಂಡಿನದು, ಸ್ಕಾಟ್ಲೆಂಡ್ ಎಂದರೆ ಪ್ರೆಸ್ಬಿಟೀರಿಯನ್ ಎಂದು ಸಲೀಸಾಗಿ ಜೋಡಿಸಿಬಿಡುತ್ತೇವೆ. ಆದರೆ ಗ್ಲಾಸ್ಗೋದ ರಾಲ್ಫ್ ವಾರ್ಡ್ಲಾ ಹೆಸರಾಂತ ಕಾಂಗ್ರಿಗೇಷನಲ್ ಬೋಧಕರು. ಸ್ಕಾಟಿಷ್ ಹೆಸರು ಸಭೆಯ ಪದ್ಧತಿಯನ್ನು ಹೇಳುವುದಿಲ್ಲ.

ಹಾಗಾದರೆ ಪ್ರೆಸ್ಬಿಟೀರಿಯನ್ ಎಳೆ ಎಲ್ಲಿಂದ ಬಂತು? ನಿಮ್ಮ ಅಜ್ಜಿಯ ಚೀಟಿಯಲ್ಲೇ ಉತ್ತರವಿದೆ. ಎಸ್.ಐ.ಯು.ಸಿ. ಎಂದರೆ ದಕ್ಷಿಣ ಭಾರತ ಐಕ್ಯ ಸಭೆ. 1908ರಲ್ಲಿ ಲಂಡನ್ ಮಿಷನ್ನಿನ ಸಭೆಗಳು ಮತ್ತು ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯ ಸಭೆಗಳು ಒಂದು ಕಡೆಯಿಂದ, ಸ್ಕಾಟ್ಲೆಂಡಿನ ಯುನೈಟೆಡ್ ಫ್ರೀ ಚರ್ಚಿನ ಮದ್ರಾಸ್ ಕಡೆಯ ಸಭೆಗಳು ಮತ್ತು ಅಮೆರಿಕದ ರಿಫಾರ್ಮ್ಡ್ ಚರ್ಚಿನ ಆರ್ಕಾಟ್ ಮಿಷನ್ ಇನ್ನೊಂದು ಕಡೆಯಿಂದ ಬಂದು ಅದರಲ್ಲಿ ಕೂಡಿದವು. ಎರಡನೆಯ ಜೋಡಿಯೇ ಪ್ರೆಸ್ಬಿಟೀರಿಯನ್ ಬಳಗ. ಆ ಮೇಲೆ 1947ರ ಸೆಪ್ಟೆಂಬರ್ 27ರಂದು ಈ ಐಕ್ಯ ಸಭೆ ಬಿಷಪ್ ಪದ್ಧತಿಯ ಆಂಗ್ಲಿಕನ್ನರು ಮತ್ತು ಮೆಥಡಿಸ್ಟರ ಜೊತೆ ಕೂಡಿ ಸಿ.ಎಸ್.ಐ. ಆಯಿತು. (ರಾಯಚೂರು ಕಡೆಯ ಮೆಥಡಿಸ್ಟರು ಅಮೆರಿಕನ್ ಶಾಖೆಯವರು, ಈ ಕೂಟಕ್ಕೆ ಬರಲಿಲ್ಲ. ಅವರ ಕಥೆ ಬೇರೆ.) ಬಿಷಪ್ ಬೇಡವೆನ್ನುತ್ತಿದ್ದವರು ಬಿಷಪ್ ಇರುವ ಸಭೆಗೆ ಬಂದದ್ದು ಸಣ್ಣ ಮಾತಲ್ಲ. ಹಳೆಯ ಸಭಾಪಾಲಕರಿಗೆ ಮತ್ತೊಮ್ಮೆ ದೀಕ್ಷೆ ಕೊಡುವುದಿಲ್ಲ, 30 ವರ್ಷ ಕಳೆದ ಮೇಲೆ ಈ ವಿಷಯವನ್ನು ಮತ್ತೆ ನೋಡೋಣ ಎಂಬ ಒಪ್ಪಂದದ ಮೇಲೆ ಅದು ಸಾಧ್ಯವಾಯಿತು.

ಈಗ ನಂಬಿಕೆಯ ಪ್ರಶ್ನೆ. ಪ್ರೆಸ್ಬಿಟೀರಿಯನ್ನರ ಗುರುತು ಎರಡು, ಒಂದು ಆಡಳಿತದ್ದು, ಒಂದು ಬೋಧನೆಯದು. ಆಡಳಿತ ಮೆಟ್ಟಿಲುಮೆಟ್ಟಿಲಾಗಿದೆ. ಸ್ಥಳೀಯ ಸಭೆಯಲ್ಲಿ ಸಭಾಪಾಲಕರೂ ಆರಿಸಿದ ಹಿರಿಯರೂ ಕೂಡಿದ್ದು ಸೆಷನ್. ಸುತ್ತಲಿನ ಸಭೆಗಳಿಂದ ಸಭಾಪಾಲಕರೂ ಹಿರಿಯರೂ ಬಂದು ಕೂಡಿದರೆ ಪ್ರೆಸ್ಬಿಟರಿ. ಅದರ ಮೇಲೆ ಸಿನೊಡ್, ಜನರಲ್ ಅಸೆಂಬ್ಲಿ. ಬಿಷಪ್ ಮಾಡುವ ಕೆಲಸವನ್ನು ಇಲ್ಲಿ ಪ್ರೆಸ್ಬಿಟರಿ ಮಾಡುತ್ತದೆ: ಸಭಾಪಾಲಕರಿಗೆ ಕೈಯಿಟ್ಟು ದೀಕ್ಷೆ ಕೊಡುವುದೂ ಅದೇ, ಜಗಳ ಬಂದರೆ ಮೇಲ್ಮನವಿ ಕೇಳುವುದೂ ಅದೇ. ಕಾಂಗ್ರಿಗೇಷನಲ್ ಪದ್ಧತಿಗೂ ಇದಕ್ಕೂ ವ್ಯತ್ಯಾಸ ಒಂದೇ ಪ್ರಶ್ನೆಯಲ್ಲಿ ತಿಳಿಯುತ್ತದೆ: ಸಭೆಯ ತೀರ್ಮಾನವನ್ನು ಹೊರಗಿನ ಮಂಡಳಿ ರದ್ದು ಮಾಡಬಹುದೇ? ಪ್ರೆಸ್ಬಿಟೀರಿಯನ್ ಆದರೆ ಮಾಡಬಹುದು. ನಿಮ್ಮ ಹಳೆಯ ಮಿನಿಟ್ಸ್ ಪುಸ್ತಕಗಳನ್ನು ಓದುವಾಗ ಇದನ್ನೇ ಹುಡುಕಿ.

ಹಿರಿಯರ ಕೆಲಸ ಎಂಥದ್ದಿತ್ತೆಂಬುದಕ್ಕೆ ಸ್ಕಾಟ್ಲೆಂಡಿನ ಒಂದು ಪುಟ್ಟ ವಸ್ತು ಸಾಕ್ಷಿ. ಕರ್ತನ ಭೋಜನಕ್ಕೆ ಕೆಲವು ದಿನ ಮುಂಚೆ ಸಭಾಪಾಲಕರೂ ಹಿರಿಯರೂ ವಿಶ್ವಾಸಿಗಳನ್ನು ವಿಚಾರಿಸಿ, ನಂಬಿಕೆ ನಡತೆ ಎರಡೂ ಸರಿಯೆನಿಸಿದವರಿಗೆ ಸೀಸದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ನಾಣ್ಯದಷ್ಟೇ ಗಾತ್ರ, ಮೇಲೆ ಊರಿನ ಮೊದಲಕ್ಷರ, ಇಸವಿ, ಕೆಲವದರಲ್ಲಿ ಒಂದು ವಚನದ ಸಂಖ್ಯೆ. ಭೋಜನದ ದಿನ ಮೇಜಿಗೆ ಬಂದವರು ಅದನ್ನು ಹಿರಿಯರ ಕೈಗೆ ಒಪ್ಪಿಸಬೇಕು. ಬಿಲ್ಲೆ ಇಲ್ಲದವರಿಗೆ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ.

ಬೋಧನೆಯ ಆಧಾರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ, 33 ಅಧ್ಯಾಯಗಳದು. ಅದರ ಜೊತೆಗಿನ ಚಿಕ್ಕ ಪ್ರಶ್ನೋತ್ತರದಲ್ಲಿ 107 ಪ್ರಶ್ನೆಗಳಿವೆ. ಮನುಷ್ಯನ ಬಾಳಿನ ಮುಖ್ಯ ಗುರಿ ಯಾವುದು ಎಂಬುದು ಮೊದಲನೆಯದು. ದೇವರನ್ನು ಮಹಿಮೆಪಡಿಸಿ ಎಂದೆಂದಿಗೂ ಆತನಲ್ಲಿ ಆನಂದಿಸುವುದು ಎಂಬುದು ಉತ್ತರ. ಸಂಸ್ಕಾರಗಳು ಎರಡೇ. ತಂದೆತಾಯಿ ಒಡಂಬಡಿಕೆಗೆ ಸೇರಿದವರಾದ್ದರಿಂದ ಮಗುವಿಗೂ ದೀಕ್ಷಾಸ್ನಾನ ಸಲ್ಲುತ್ತದೆ. ನೀರು ಚಿಮುಕಿಸಿದರೆ ಸಾಕು, ಮುಳುಗಿಸಲೇಬೇಕೆಂದಿಲ್ಲ. ಕರ್ತನ ಭೋಜನದಲ್ಲಿ ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ, ಆದರೆ ನಂಬಿಕೆಯಿಂದ ತೆಗೆದುಕೊಂಡವರು ಕ್ರಿಸ್ತನನ್ನು ಆತ್ಮಿಕವಾಗಿ ನಿಜವಾಗಿಯೇ ಸ್ವೀಕರಿಸುತ್ತಾರೆ.

ಬರೆಯುವಾಗ ಹೆಚ್ಚಾಗಿ ಎಡವುವುದು ‘ದೈವಿಕ ಆಯ್ಕೆ’ಯ ವಿಷಯದಲ್ಲಿ, ಅಂದರೆ ರಕ್ಷಣೆ ಹೊಂದುವವರನ್ನು ದೇವರೇ ಮೊದಲೇ ಆರಿಸಿದ್ದಾನೆ ಎಂಬ ಬೋಧನೆಯಲ್ಲಿ. ಕನ್ನಡದಲ್ಲಿ ಅದನ್ನು ಹಣೆಬರಹ ಎಂದರೆ ಅರ್ಥವೇ ಕೆಡುತ್ತದೆ. ಹಣೆಬರಹದಲ್ಲಿ ಬರೆದವನಿಗೂ ಬರೆಸಿಕೊಂಡವನಿಗೂ ಪ್ರೀತಿಯ ನಂಟಿಲ್ಲ. ಆಯ್ಕೆಯ ಬೋಧನೆ ಹೇಳುವುದು, ರಕ್ಷಣೆ ನನ್ನ ಯೋಗ್ಯತೆಯಿಂದಲ್ಲ, ಆದಿಯಿಂದ ಕೊನೆಯವರೆಗೂ ದೇವರ ಕೃಪೆಯಿಂದ ಎಂದು. ದಯವಿಟ್ಟು ಹಣೆಬರಹ ಎಂಬ ಪದವನ್ನು ಬಳಸಬೇಡಿ.

ನಿಮ್ಮ ಹಿರಿಯರ ಮಾತನ್ನು ಪೂರಾ ತಳ್ಳಿಹಾಕಲೂ ಬೇಡಿ. ಕಾಂಗ್ರಿಗೇಷನಲ್ ಜನ 1658ರಲ್ಲಿ ಬರೆದ ಸವಾಯ್ ಘೋಷಣೆ ವೆಸ್ಟ್‌ಮಿನ್‌ಸ್ಟರ್ ಪ್ರಮಾಣವನ್ನೇ ತಿದ್ದಿ ಮಾಡಿದ್ದು. ಆಡಳಿತ ಬಿಟ್ಟರೆ ಬೋಧನೆ ಹೆಚ್ಚುಕಡಿಮೆ ಒಂದೇ. ಮುಖಪುಟಕ್ಕೆ ನಮ್ಮ ಸಲಹೆ: ‘ಲಂಡನ್ ಮಿಷನ್ ಪರಂಪರೆಯ ಸಭೆ, 1908ರಿಂದ ಎಸ್.ಐ.ಯು.ಸಿ., 1947ರಿಂದ ಸಿ.ಎಸ್.ಐ.’ ಪ್ರೆಸ್ಬಿಟೀರಿಯನ್ ಎಳೆಯನ್ನು ಒಳಪುಟದಲ್ಲಿ ವಿವರಿಸಿ.

ಕೊನೆಯದಾಗಿ ದಾಖಲೆಗಳು. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹುಟ್ಟಿದ ದಿನ ಬೇರೆ, ಸ್ನಾನದ ದಿನ ಬೇರೆ. ಎರಡನ್ನೂ ಬರೆದುಕೊಳ್ಳಿ. ವಿವಾಹದ ರಿಜಿಸ್ಟರುಗಳು 1872ರ ಕ್ರೈಸ್ತ ವಿವಾಹ ಕಾಯ್ದೆಯ ನಮೂನೆಯಲ್ಲಿರುವುದರಿಂದ ವಯಸ್ಸು, ಕಸುಬು, ವಾಸದ ಊರು, ತಂದೆಯ ಹೆಸರು ಸಿಗುತ್ತವೆ. ಮನೆತನಗಳ ಜಾಡು ಹಿಡಿಯಲು ಅದೇ ಒಳ್ಳೆಯ ಮೂಲ. ಹೆಸರನ್ನು ಪುಸ್ತಕದಲ್ಲಿದ್ದ ಕಾಗುಣಿತದಲ್ಲೇ ಇಳಿಸಿ, ತಿದ್ದಿದ್ದನ್ನು ಪಕ್ಕದಲ್ಲಿ ಬರೆಯಿರಿ. ಹರಿದ ಹಾಳೆಗೆ ಸೆಲ್ಲೊ ಟೇಪ್ ಹಚ್ಚಬೇಡಿ, ಅಂಟು ಹಳದಿಗಟ್ಟಿ ಅಕ್ಷರ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಹಾಳೆಯನ್ನು ಮತ್ತೆ ಬಿಡಿಸಲಾಗದು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ಪುಟಪುಟವೂ ಫೋಟೊ ತೆಗೆದು ಎರಡು ಕಡೆ ಇಡಿ. ಊರಲ್ಲಿ ಸಿಗದ ಮಿಷನ್ ಪತ್ರಗಳಿಗೆ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ವಿಭಾಗವನ್ನು ಮೊದಲು ಕೇಳಿ. ಲಂಡನ್ ಮಿಷನ್ನಿನ ಮೂಲ ಕಾಗದಗಳು ಲಂಡನ್ನಿನ ಸೋಯಸ್ ವಿಶ್ವವಿದ್ಯಾಲಯದಲ್ಲಿವೆ. ಬರೆಯುವಾಗ ‘ಬೆಲ್ಲಾರಿ’ (Bellary) ಎಂಬ ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ ಹುಡುಕಲು ಕೋರಿ.