ಜಿಮ್ ಮಷಿನ್ ಗಂಟೆಗೆ ಎಷ್ಟು ಬೀಳುತ್ತದೆ?

ಪ್ರಶ್ನೆ: ಹಾಸನದಲ್ಲಿ ಹೊಸ ಜಿಮ್ ಶುರು ಮಾಡುತ್ತಿದ್ದೇನೆ. ಮೊದಲ ಮಹಡಿ, 2,400 ಚದರಡಿ ಜಾಗ. ಮಷಿನ್‌ಗಳಿಗೆ 25 ಲಕ್ಷ ಇಟ್ಟಿದ್ದೇನೆ. ಅದರಲ್ಲಿ ಅರ್ಧ ಬ್ಯಾಂಕ್ ಸಾಲ. ಬೆಂಗಳೂರಿನ ಒಬ್ಬ ಡೀಲರ್ ‘ಲೈಫ್ ಫಿಟ್‌ನೆಸ್, ಮ್ಯಾಟ್ರಿಕ್ಸ್ ತರಹದ್ದು ತಗೊಳ್ಳಿ, ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ಅದೇ ದುಡ್ಡಿಗೆ ಇಡೀ ಹಾಲ್ ತುಂಬಿಸಿಕೊಡುತ್ತೇನೆ ಅನ್ನುತ್ತಾರೆ. ಯಾವ ಬ್ರ್ಯಾಂಡ್ ತಗೊಂಡರೆ ಕೈ ಸುಟ್ಟುಕೊಳ್ಳುವುದಿಲ್ಲ?

ಉತ್ತರ: ಮೊದಲನೆಯವರ ಮಾತಿನಲ್ಲಿ ಒಂದು ತಪ್ಪಿದೆ. ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲದ ಟ್ರೆಡ್‌ಮಿಲ್ ಯಾವ ದೇಶದಲ್ಲೂ ತಯಾರಾಗುವುದಿಲ್ಲ. ಬೆವರು, ಧೂಳು, ಕರೆಂಟು ಮೂರೂ ಸೇರಿ ಎಂಥ ಮಷಿನ್ನನ್ನೂ ತಿನ್ನುತ್ತವೆ. ಹಾಗಾಗಿ ಬ್ರ್ಯಾಂಡ್ ಕೇಳುವ ಮೊದಲು ಇದನ್ನು ಕೇಳಿ: ಈ ಮಷಿನ್ ಕೆಟ್ಟು ನಿಂತರೆ ಹಾಸನಕ್ಕೆ ಮೆಕ್ಯಾನಿಕ್ ಎಷ್ಟು ದಿನಕ್ಕೆ ಬರುತ್ತಾರೆ? ಪಾರ್ಟ್ಸ್ ಎಲ್ಲಿಂದ ಬರಬೇಕು?

ಕೆಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದ ಜಿಮ್‌ಗೆ ಹೋಗಿದ್ದೆ. ಮೂರು ಒಳ್ಳೆಯ ವಿದೇಶಿ ಟ್ರೆಡ್‌ಮಿಲ್‌ಗಳಿದ್ದವು. ಎರಡರ ಮೇಲೆ ‘ರಿಪೇರಿಯಲ್ಲಿದೆ’ ಎಂಬ ಚೀಟಿ. ಅಂಟಿಸಿದ ಟೇಪು ಒಣಗಿ ಉದುರುವಂತಾಗಿತ್ತು, ಅಷ್ಟು ದಿನ ಆಗಿತ್ತು. ಒಂದಕ್ಕೆ ಬೇಕಾಗಿದ್ದದ್ದು ಮೋಟರ್ ನಡೆಸುವ ಒಂದೇ ಒಂದು ಎಲೆಕ್ಟ್ರಾನಿಕ್ ಬೋರ್ಡ್. ಅದು ಹೊರದೇಶದಿಂದ ಬರಬೇಕಂತೆ. ಒಂಬತ್ತು ವಾರ ಕಾದಿದ್ದರು. ಅಷ್ಟರಲ್ಲಿ ಸಂಜೆಯ ಮೆಂಬರುಗಳಲ್ಲಿ ಎಷ್ಟೋ ಜನ ಮುಂದಿನ ಮೂರು ತಿಂಗಳ ಫೀ ಕಟ್ಟದೆ ಬೇರೆ ಕಡೆ ಹೋಗಿದ್ದರು. ಆ ನಷ್ಟ ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ, ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ಇವು ನಾನು ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳು. ನಿಮ್ಮ ಕೊಟೇಶನ್‌ನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಒಂದು ಟ್ರೆಡ್‌ಮಿಲ್ ದಿನಕ್ಕೆ 6 ಗಂಟೆ, ತಿಂಗಳಿಗೆ 26 ದಿನ ಓಡಿದರೆ ವರ್ಷಕ್ಕೆ 1,872 ಗಂಟೆ. ಮೊದಲನೆಯದು 1.6 ಲಕ್ಷದ್ದು ಅಂದುಕೊಳ್ಳಿ. ಮೂರು ವರ್ಷ ಬಾಳುತ್ತದೆ, ರಿಪೇರಿಗೆ ವರ್ಷಕ್ಕೆ 25 ಸಾವಿರ, ಕೊನೆಗೆ ಮಾರಿದರೆ 20 ಸಾವಿರ. ಗಂಟೆಗೆ ಸುಮಾರು 38 ರೂಪಾಯಿ ಬಿತ್ತು. ಎರಡನೆಯದು 3.6 ಲಕ್ಷದ್ದು. ಎಂಟು ವರ್ಷ ಬಾಳುತ್ತದೆ, ವರ್ಷಕ್ಕೆ 20 ಸಾವಿರ ಖರ್ಚು, ಮಾರಿದರೆ 60 ಸಾವಿರ. ಗಂಟೆಗೆ ಸುಮಾರು 31 ರೂಪಾಯಿ. ಮೂರನೆಯದು 7 ಲಕ್ಷದ ಹೆಸರಾಂತ ವಿದೇಶಿ ಮಷಿನ್. ಹತ್ತು ವರ್ಷ, ವರ್ಷಕ್ಕೆ 25 ಸಾವಿರ, ಮಾರಿದರೆ ಒಂದೂವರೆ ಲಕ್ಷ. ಗಂಟೆಗೆ ಸುಮಾರು 43 ರೂಪಾಯಿ.

ಅಗ್ಗದ್ದೂ ದುಬಾರಿಯಾಯಿತು, ತುಂಬಾ ದುಬಾರಿಯದ್ದೂ ದುಬಾರಿಯೇ ಆಯಿತು. ಆದರೆ ಬೆಂಗಳೂರಿನ ದೊಡ್ಡ ಜಿಮ್‌ನಲ್ಲಿ ಅದೇ ಮೂರನೆಯ ಮಷಿನ್ ದಿನಕ್ಕೆ 12 ಗಂಟೆ ಓಡುತ್ತದೆ, ರಿಪೇರಿಯವರು ಕರೆದ ದಿನವೇ ಬರುತ್ತಾರೆ. ಅಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ. ಅವರಿಗೆ ಸರಿಹೋದದ್ದು ನಿಮಗೂ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಕೊಟೇಶನ್‌ಗಳನ್ನು ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಿ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅಂದರೆ ಮಷಿನ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಇದನ್ನು ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಮಾತಾಡಿಕೊಳ್ಳಿ.

ದುಡ್ಡನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು? ನನ್ನ ಅಭಿಪ್ರಾಯ ಖಡಾಖಂಡಿತ. ಮೋಟರ್ ಇರುವುದಕ್ಕೆ, ಕೇಬಲ್ ಇರುವುದಕ್ಕೆ ಹಾಕಿ. ಪ್ಲೇಟ್, ಡಂಬಲ್, ಬೆಂಚಿನಲ್ಲಿ ಉಳಿಸಿ. ಕಬ್ಬಿಣದ ಪ್ಲೇಟು ಯಾರು ಎರಕ ಹೊಯ್ದರೂ ಇಪ್ಪತ್ತು ಕೆಜಿ ಇಪ್ಪತ್ತು ಕೆಜಿಯೇ. ತಕ್ಕಡಿಯಲ್ಲಿಟ್ಟು ತೂಗಿಸಿಕೊಂಡರೆ ಸಾಕು.

ಟ್ರೆಡ್‌ಮಿಲ್ ನೋಡುವಾಗ ಬ್ರೋಷರ್‌ನ ‘6 ಎಚ್‌ಪಿ’ಗೆ ಮರುಳಾಗಬೇಡಿ. ಅದು ಬಹಳ ಸಲ ಪೀಕ್ ಲೆಕ್ಕ, ಒಂದು ಕ್ಷಣಕ್ಕೆ ಏರುವ ಶಕ್ತಿ. ಎಡೆಬಿಡದೆ ಓಡಿದರೆ ಎಷ್ಟು ಕೊಡುತ್ತದೆ ಎಂಬ ಕಂಟಿನ್ಯೂಯಸ್ ಅಂಕಿ ಕೇಳಿ. ಜಿಮ್‌ಗೆ ಎಸಿ ಮೋಟರ್ ತಗೊಳ್ಳಿ. ಸಾಮಾನ್ಯ ಡಿಸಿ ಮೋಟರಿನಲ್ಲಿ ಕಾರ್ಬನ್ ಬ್ರಷ್ ಸವೆಯುತ್ತದೆ, ಎಸಿಯಲ್ಲಿ ಆ ತಲೆನೋವಿಲ್ಲ. ಮನೆ ಬಳಕೆಯ ಟ್ರೆಡ್‌ಮಿಲ್ಲನ್ನು ಜಿಮ್‌ನಲ್ಲಿಟ್ಟರೆ ವಾರಂಟಿ ಹೋದಂತೆಯೇ. ಇದಕ್ಕೊಂದು ಗುರುತಿದೆ. ಇಎನ್ 957 ಅಥವಾ ಐಎಸ್‌ಒ 20957 ಮಾನದಂಡದ ಮಷಿನ್ ಆದರೆ ಜಿಮ್ ಬಳಕೆಯದಕ್ಕೆ ‘ಎಸ್’, ಮನೆಯದಕ್ಕೆ ‘ಎಚ್’ ಎಂಬ ಅಕ್ಷರ ಇರುತ್ತದೆ. ಮಷಿನ್ನಿಗೆ ಅಂಟಿಸಿದ ಮಾಹಿತಿ ಪಟ್ಟಿಯ ಮೇಲೆ ಹುಡುಕಿ.

ಟ್ರೆಡ್‌ಮಿಲ್ ಸಾಯುವ ಬಗೆಯೂ ನಿಮಗೆ ಗೊತ್ತಿರಬೇಕು. ಮುಂದಿನ ಮುಚ್ಚಳ ಬಿಚ್ಚಿದರೆ ಮೋಟರ್ ಮೇಲೆ ಕಪ್ಪು ಪುಡಿ ಕೂತಿರುತ್ತದೆ. ಬೆಲ್ಟಿನ ಪುಡಿ, ಶೂ ಧೂಳು, ನಡುವೆ ಸುತ್ತಿಕೊಂಡ ಕೂದಲು. ಬೆಲ್ಟ್ ಎತ್ತಿ ಕೆಳಗಿನ ಹಲಗೆ, ಅಂದರೆ ಡೆಕ್ ಮೇಲೆ ಅಂಗೈ ಸವರಿದರೆ ಕಾಲು ಬೀಳುವ ಕಡೆ ಒರಟಾಗಿರುತ್ತದೆ. ಅಲ್ಲಿ ಉಜ್ಜಾಟ ಜಾಸ್ತಿ. ಉಜ್ಜಾಟ ಜಾಸ್ತಿಯಾದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬೋರ್ಡ್ ಬಿಸಿಯಾಗುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಜನ ಬೋರ್ಡ್ ಬದಲಿಸುತ್ತಾರೆ, ಡೆಕ್ ಹಾಗೇ ಬಿಡುತ್ತಾರೆ. ಹೊಸ ಬೋರ್ಡೂ ಹೋಗುತ್ತದೆ. ಹಾಗಾಗಿ ತಿರುಗಿಸಿ ಇನ್ನೊಂದು ಮಗ್ಗುಲೂ ಬಳಸಬಹುದಾದ ಡೆಕ್ ಇದೆಯಾ ಕೇಳಿ. ನಿಮ್ಮ ಎಲೆಕ್ಟ್ರಿಷಿಯನ್ ಕೈಯಲ್ಲಿ ತಿಂಗಳಿಗೊಮ್ಮೆ ಕ್ಲಾಂಪ್ ಮೀಟರ್ (ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯುವ ಸಾಧನ) ಹಿಡಿಸಿ. ಒಬ್ಬರೇ ವ್ಯಕ್ತಿ, ಒಂದೇ ವೇಗದಲ್ಲಿ ನಡೆಯುವಾಗ ಎಷ್ಟು ಆಂಪ್ಸ್ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂಕಿ ಏರುತ್ತಾ ಹೋದರೆ ಬೋರ್ಡ್ ಸುಡುವ ಮೊದಲೇ ಗೊತ್ತಾಗುತ್ತದೆ.

ಕರೆಂಟಿನ ವಿಷಯ ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ. ಪ್ರತಿ ಟ್ರೆಡ್‌ಮಿಲ್‌ಗೂ ಬೇರೆ ಲೈನ್, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಲೋಡ್ ಮಂಜೂರಾತಿಗೆ ಮಷಿನ್ ಬರುವ ಮೊದಲೇ ನಿಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್ ಕಚೇರಿಗೆ ಅರ್ಜಿ ಹಾಕಿ.

ವೇಟ್ ಮಷಿನ್‌ಗಳನ್ನು ನಮ್ಮ ದೇಶದವರೇ ಚೆನ್ನಾಗಿ ಮಾಡುತ್ತಾರೆ. ಜೆರಾಯ್ ತರಹದ ದೇಶಿ ತಯಾರಕರಿದ್ದಾರೆ, ಇನ್ನೂ ಹಲವರಿದ್ದಾರೆ. ಆದರೆ ಒಂದೇ ಕಂಪನಿಯಲ್ಲೂ ಗಟ್ಟಿ ಸೀರೀಸ್, ತೆಳು ಸೀರೀಸ್ ಎರಡೂ ಇರುತ್ತವೆ. ಆದ್ದರಿಂದ ಕೈಯಲ್ಲಿ ದಪ್ಪ ಅಳೆಯುವ ವರ್ನಿಯರ್ ಹಿಡಿದುಕೊಂಡು ಹೋಗಿ. ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ ದಪ್ಪ ಅಳೆಯಿರಿ. 11 ಗೇಜ್ ಅಂದರೆ ಸುಮಾರು 3 ಮಿ.ಮೀ., 14 ಗೇಜ್ ಅಂದರೆ ಸುಮಾರು 2 ಮಿ.ಮೀ. ಗೇಜ್ ಅಂಕಿ ಕಡಿಮೆಯಾದಷ್ಟೂ ಪೈಪ್ ದಪ್ಪ. ಲೆಗ್ ಪ್ರೆಸ್, ಸ್ಮಿತ್ ಮಷಿನ್‌ಗೆ 11 ಗೇಜ್‌ಗಿಂತ ತೆಳ್ಳಗಿನದು ನಾನಂತೂ ತಗೊಳ್ಳುವುದಿಲ್ಲ. ಆಮೇಲೆ ಲ್ಯಾಟ್ ಪುಲ್‌ಡೌನ್‌ನ ಕಡಿಮೆ ತೂಕಕ್ಕೆ ಪಿನ್ ಹಾಕಿ ನಿಧಾನ ಎಳೆಯಿರಿ. ಕಿರುಗುಟ್ಟಿದರೆ, ನಡುವೆ ತಡೆದಂತಾದರೆ ತೂಕ ಜಾರುವ ಗೈಡ್ ರಾಡ್ ನೇರ ಇಲ್ಲ ಅಥವಾ ಪುಲ್ಲಿಗೆ ಒಳ್ಳೆಯ ಬೇರಿಂಗ್ ಇಲ್ಲ ಅಂತ ಅರ್ಥ. ಶೋರೂಮಿನಲ್ಲೇ ಹೀಗಿದ್ದರೆ ಎರಡು ವರ್ಷದ ನಂತರ ಹೇಗಿರುತ್ತದೆ ಯೋಚಿಸಿ.

ಕೇಬಲ್ ಕೆಡುವುದು ತುದಿಯ ಹತ್ತಿರ, ಪುಲ್ಲಿ ಮೇಲೆ ಪದೇ ಪದೇ ಬಾಗುವ ಜಾಗದಲ್ಲಿ. ಮೊದಲು ಮೇಲಿನ ನೈಲಾನ್ ಹೊದಿಕೆ ಬಿರಿಯುತ್ತದೆ. ವಾರಕ್ಕೊಮ್ಮೆ ಹತ್ತಿ ಬಟ್ಟೆ ಹಿಡಿದು ಕೇಬಲ್ ಉದ್ದಕ್ಕೂ ಸವರಿ. ಬಟ್ಟೆಯ ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಒಳಗಿನ ತಂತಿ ಎಳೆ ಕಡಿದಿದೆ. ಬರಿಗೈಯಲ್ಲಿ ಮಾಡಬೇಡಿ, ಸೂಜಿಯ ಹಾಗೆ ಚುಚ್ಚುತ್ತದೆ. ಅವತ್ತೇ ಆ ಮಷಿನ್ ನಿಲ್ಲಿಸಿ. ತಲೆಯ ಮೇಲೆ ಬಾರ್ ಬೀಳುವ ತನಕ ಕಾಯಬಾರದು. ಕೇಬಲ್ ಅಳತೆ ಮಾಮೂಲಿಯದ್ದಾದರೆ ಹೊಸದು ಸುಲಭವಾಗಿ ಸಿಗುತ್ತದೆ. ಕಂಪನಿಯವರೇ ಕೊಡಬೇಕಾದ ವಿಚಿತ್ರ ತುದಿಯಾದರೆ ಮತ್ತೆ ಕಾಯುವ ಕಥೆ. ಹಾಗಾಗಿ ಪ್ರತಿ ಮಷಿನ್‌ಗೂ ಒಂದೊಂದು ಕೇಬಲ್ ಖರೀದಿಯ ಜೊತೆಗೇ ಕೇಳಿ ತಗೊಳ್ಳಿ. ದುಡ್ಡು ಕೊಡುವ ಮೊದಲು ಕೇಳಿದರೆ ಕೊಡುತ್ತಾರೆ.

ನಿಮ್ಮ 25 ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತೇನೆ. ನಡುವಿನ ದರ್ಜೆಯ ಕಮರ್ಷಿಯಲ್ ಟ್ರೆಡ್‌ಮಿಲ್ ಮೂರು, ಮೂರೂ ಒಂದೇ ಮಾಡೆಲ್. ಒಂದೇ ಮಾಡೆಲ್ ಆದರೆ ಒಂದು ಬಿಡಿ ಬೋರ್ಡ್ ಮೂರಕ್ಕೂ ಆಗುತ್ತದೆ. ಕಾನ್ಸೆಪ್ಟ್2 ತರಹದ ಗಾಳಿ ತಡೆಯ ರೋಯಿಂಗ್ ಮಷಿನ್ ಒಂದು. ಅದಕ್ಕೆ ಮೋಟರ್ ಇಲ್ಲ, ಕರೆಂಟ್ ಲೈನ್ ಬೇಡ, ಸರಪಳಿಗೆ ಎಣ್ಣೆ ಹಾಕುತ್ತಿದ್ದರೆ ಸಾಕು. ಸ್ಪಿನ್ ಬೈಕ್ ಮೂರು. ಉಳಿದದ್ದು ದೇಶಿ ವೇಟ್ ಮಷಿನ್, ಪ್ಲೇಟು, ರಬ್ಬರ್ ನೆಲಹಾಸಿಗೆ. ಎರಡು ಲಕ್ಷ ಮುಟ್ಟದೆ ಇಡಿ, ಅದು ರಿಪೇರಿಯ ದುಡ್ಡು. ಇನ್ನೊಂದು ಮಾತು. ನೀವಿರುವುದು ಮೊದಲ ಮಹಡಿ. ಆರ್ಡರ್ ಕೊಡುವ ಮೊದಲು ಕಟ್ಟಡ ಎಂಜಿನಿಯರ್ ಒಬ್ಬರಿಗೆ ಸ್ಲ್ಯಾಬ್ ತೋರಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮುಚ್ಚಿದ ಜಿಮ್‌ನ ಹಳೆಯ ವಿದೇಶಿ ಟ್ರೆಡ್‌ಮಿಲ್‌ಗಳು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತಿವೆ. ಕುಂದಾಪುರದ ನಮ್ಮ ಜಿಮ್‌ಗೆ ತರಬಹುದೇ?

ಉತ್ತರ: ತರಬಹುದು, ನೋಡಿ ತರಬೇಕು. ಮೊದಲು ಮಷಿನ್ನಿನ ಮಾಹಿತಿ ಪಟ್ಟಿಯಲ್ಲಿ ವೋಲ್ಟೇಜ್ ಓದಿ. ಅಮೆರಿಕದ ಜಿಮ್‌ಗಳಿಂದ ಬಂದ ಹಳೆಯ ಮಷಿನ್ ಆಗಿದ್ದರೆ 120 ವೋಲ್ಟ್‌ನದ್ದಿರಬಹುದು. ನಮ್ಮದು 230 ವೋಲ್ಟ್. ಆಮೇಲೆ ಸೆಟ್ಟಿಂಗ್ಸ್ ಒಳಗೆ ಒಟ್ಟು ಗಂಟೆ ಅಥವಾ ಕಿಲೋಮೀಟರ್ ತೋರಿಸಲು ಹೇಳಿ.

ಬ್ರ್ಯಾಂಡ್ ಈಗ ಯಾರ ಕೈಯಲ್ಲಿದೆ ಎನ್ನುವುದೂ ಮುಖ್ಯ. ಸೈಬೆಕ್ಸ್ 2016ರಲ್ಲಿ ಲೈಫ್ ಫಿಟ್‌ನೆಸ್‌ನ ಮಾಲೀಕ ಕಂಪನಿ ಬ್ರನ್ಸ್‌ವಿಕ್ ಪಾಲಾಯಿತು. 2019ರಲ್ಲಿ ಲೈಫ್ ಫಿಟ್‌ನೆಸ್ಸೇ ಬೇರೆಯವರ ಕೈಗೆ ಹೋಯಿತು. ಪ್ರೀಕಾರನ್ನು 2021ರಲ್ಲಿ ಪೆಲೊಟಾನ್ ಕೊಂಡಿತು. ಕೈ ಬದಲಾದಾಗ ಹಳೆಯ ಮಾಡೆಲ್‌ಗಳ ಪಾರ್ಟ್ಸ್ ಸಿಗುವುದು ಕಷ್ಟವಾಗಬಹುದು. ಮಾಡೆಲ್ ನಂಬರ್ ಹೇಳಿ, ಡ್ರೈವ್ ಬೋರ್ಡ್ ಮತ್ತು ಡೆಕ್ ಎರಡಕ್ಕೂ ಇವತ್ತಿನ ಬೆಲೆ ಕೇಳಿ. ಬೆಲೆ ಹೇಳಲು ಯಾರೂ ಸಿಗದಿದ್ದರೆ ಆ ಮಷಿನ್ ಬಿಟ್ಟುಬಿಡಿ.

ನಿಮ್ಮ ಕಡೆ ಕಡಲ ಗಾಳಿಯ ಉಪ್ಪಿನ ಕಾಟವೂ ಇದೆ. ಹಾಗಾಗಿ ಕೊಳ್ಳುವ ದಿನವೇ ಡಿಸ್‌ಪ್ಲೇ ಹಿಂದಿನ ಮುಚ್ಚಳ ಬಿಚ್ಚಿಸಿ, ಟಾರ್ಚ್ ಹಾಕಿ ನೋಡಿ. ತಾಮ್ರದ ಕನೆಕ್ಟರ್‌ಗಳ ಮೇಲೆ ಹಸಿರು ಪುಡಿ ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ತಾಮ್ರ ಚೊಕ್ಕವಾಗಿದ್ದರೆ ತನ್ನಿ. ಆದರೆ ಕಿಟಕಿಯ ಪಕ್ಕ ಇಡಬೇಡಿ.