ಜ್ವರ ಬಿಟ್ಟಿದೆ, ಇನ್ನೂ ಮಾತ್ರೆ ಬೇಕಾ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೀಗ ಐದು ತಿಂಗಳು. ಚೊಚ್ಚಲು. ಹೋದ ವಾರ ಚಳಿಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಫಾಲ್ಸಿಪೇರಮ್ ಮಲೇರಿಯಾ ಎಂದರು. ಮೂರು ದಿನದ ಮಾತ್ರೆ ಕೊಟ್ಟರು. ಎರಡನೇ ದಿನಕ್ಕೇ ಜ್ವರ ಬಿಟ್ಟಿತು. ಮಗುವಿಗೆ ಆಗಿಬರಲ್ಲ ಎಂದು ಅತ್ತೆ ಹೇಳಿದ್ದಕ್ಕೆ ಮೂರನೇ ದಿನದ ಮಾತ್ರೆ ನುಂಗಲಿಲ್ಲ. ಈಗ ಆರಾಮಾಗಿದ್ದೇನೆ. ಆದರೂ ಒಳಗೊಳಗೇ ಭಯ.

ಉತ್ತರ: ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಎಷ್ಟು ಮಾತ್ರೆ ಬಿಟ್ಟಿದ್ದೀರಿ ಅನ್ನೋದನ್ನು ಮುಚ್ಚಿಡದೆ ಹೇಳಿ. ಉಳಿದದ್ದನ್ನು ನೀವಾಗಿಯೇ ಈಗ ನುಂಗಬೇಡಿ. ಮತ್ತೆ ರಕ್ತ ನೋಡಿ, ಮುಂದೇನು ಮಾಡಬೇಕೆಂದು ಅವರೇ ಹೇಳುತ್ತಾರೆ.

ಜ್ವರ ಬಿಟ್ಟರೆ ಮಲೇರಿಯಾ ಹೋಯಿತು ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ನನ್ನ ಮನಸ್ಸಿನಿಂದ ಹೋಗದ ಒಂದು ಹೆರಿಗೆ ಇದೆ. ತಾಯಿಗೆ ಜ್ವರ ಇರಲಿಲ್ಲ. ಬೆರಳು ಚುಚ್ಚಿ ತೆಗೆದ ರಕ್ತದಲ್ಲೂ ಏನೂ ಸಿಗಲಿಲ್ಲ. ದಿನ ತುಂಬಿ ಹುಟ್ಟಿದ ಮಗು ತಕ್ಕಡಿಯಲ್ಲಿ ಒಂದು ಕಿಲೋ ಒಂಬೈನೂರು ಗ್ರಾಂ ತೂಗಿತು. ಎರಡೂವರೆ ಕಿಲೋ ಆದರೂ ಇರಬೇಕಿತ್ತು. ಅನುಮಾನ ಬಂದು, ಮಾಸಿನಲ್ಲಿ ತಾಯಿಗೆ ಅಂಟಿಕೊಂಡಿದ್ದ ಕಡೆಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಮೇಲೆ ಸವರಿದೆವು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಎಲ್ಲೆಲ್ಲೂ ಮಲೇರಿಯಾದ ಗುರುತಾದ ಕಂದುಗಪ್ಪು ಕಾಳುಗಳು, ಮಲೇರಿಯಾ ಪರಾವಲಂಬಿ ಹೊಕ್ಕ ರಕ್ತಕಣಗಳು.

ಫಾಲ್ಸಿಪೇರಮ್ ಹೊಕ್ಕ ರಕ್ತಕಣ ಅಂಟಂಟಾಗುತ್ತದೆ. ಬಸುರಿಯ ಮೈಯಲ್ಲಿ ಅದು ಹೋಗಿ ಮಾಸಿಗೆ ಮೆತ್ತಿಕೊಳ್ಳುತ್ತದೆ. ಬೆರಳ ತುದಿಯ ರಕ್ತದಲ್ಲಿ ಕಾಣದೇ ಇರಬಹುದು. ಮಗುವಿಗೆ ಊಟ, ಉಸಿರು ಎರಡೂ ಬರುವುದು ಆ ಮಾಸಿನಿಂದಲೇ. ಅಲ್ಲಿ ತೊಡಕಾದರೆ ಮಗು ಸೊರಗುತ್ತದೆ, ತಿಂಗಳು ತುಂಬುವ ಮೊದಲೇ ಹುಟ್ಟಬಹುದು, ಹೊಟ್ಟೆಯಲ್ಲೇ ಹೋಗಿಬಿಡಲೂಬಹುದು. ಚೊಚ್ಚಲಲ್ಲಿ ಅಪಾಯ ಜಾಸ್ತಿ, ಯಾಕೆಂದರೆ ಮಾಸಿಗೆ ಅಂಟುವ ಈ ಬಗೆಯನ್ನು ನಿಮ್ಮ ಮೈ ಹಿಂದೆ ಎದುರಿಸಿಲ್ಲ.

ನಿಮ್ಮನ್ನು ಹೆದರಿಸೋಕೆ ಇದನ್ನು ಬರೆಯುತ್ತಿಲ್ಲ. ಬೇಗ ಗೊತ್ತಾಗಿ, ಪೂರ್ತಿ ಮಾತ್ರೆ ತೆಗೆದುಕೊಂಡು, ದುಂಡುದುಂಡಾದ ಮಗು ಹೆತ್ತವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ.

ಅತ್ತೆ ಹೇಳಿದ್ದು ಮಗುವಿನ ಮೇಲಿನ ಕಾಳಜಿಯಿಂದಲೇ. ಅವರಿಗೂ ಇದನ್ನು ಓದಿ ಹೇಳಿ. ಫಾಲ್ಸಿಪೇರಮ್‌ಗೆ ಮೂರು ದಿನ ಕೊಡುವ ಆರ್ಟೆಮೆಥರ್-ಲುಮೆಫಾಂಟ್ರಿನ್ ಮಾತ್ರೆಯನ್ನು ಐದನೇ ತಿಂಗಳಲ್ಲಿ ಕೊಡಬಹುದು. ಮೊದಲ ಮೂರು ತಿಂಗಳಲ್ಲೂ ಇದನ್ನು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಮಗುವಿಗೆ ನಿಜವಾಗಿ ಕೆಡುಕು ಮಾಡುವುದು ಅರ್ಧಕ್ಕೆ ಬಿಟ್ಟ ಮಲೇರಿಯಾ. ಬಸುರಿಯರಿಗೆ ಕೊಡಬಾರದ ಮಾತ್ರೆಯೂ ಇದೆ, ಪ್ರೈಮಾಕ್ವಿನ್. ಹಾಗಾಗಿ ಮನೆಯಲ್ಲಿ ಬೇರೆಯವರಿಗೆ ಬರೆದುಕೊಟ್ಟ ಮಲೇರಿಯಾ ಮಾತ್ರೆ ಇದ್ದರೆ ಅದನ್ನು ಮುಟ್ಟಬೇಡಿ.

ಹಿಮೋಗ್ಲೋಬಿನ್ ಕೂಡ ನೋಡಿಸಿ. ಮಲೇರಿಯಾ ರಕ್ತಕಣಗಳನ್ನು ಒಡೆಯುತ್ತದೆ. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತುಂಬಾ ಜಾಸ್ತಿ. ಅಂಥ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯೋದು ಕಷ್ಟ. ಮಗು ಸರಿಯಾಗಿ ಬೆಳೆಯುತ್ತಿದೆಯಾ ಎಂದು ಮುಂದಿನ ತಿಂಗಳುಗಳಲ್ಲಿ ಸ್ಕ್ಯಾನ್ ಮಾಡಿಸಿ ನೋಡುತ್ತಾರೆ.

ರಾತ್ರಿ ಔಷಧಿ ಹಚ್ಚಿದ ಸೊಳ್ಳೆಪರದೆಯೊಳಗೇ ಮಲಗಿ. ಮತ್ತೆ ಮೈ ಬಿಸಿಯಾದರೆ ಅವತ್ತೇ ರಕ್ತ ಕೊಡಿ. ಬೆವರು, ತಲೆಸುತ್ತು, ಮಂಕು ಕವಿದಂತೆ ಆದರೆ ಮಲೇರಿಯಾದಿಂದ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು. ‘ಈ ಬಸಿರಿನಲ್ಲಿ ಮಲೇರಿಯಾ ಬಂದಿತ್ತು’ ಎಂದು ನಿಮ್ಮ ಫೈಲಿನ ಮೊದಲ ಹಾಳೆಯಲ್ಲೇ ಬರೆಸಿಕೊಳ್ಳಿ. ಹುಟ್ಟಿದ ಮೇಲೆ ಮಗುವಿಗೆ ಜ್ವರ ಬಂದರೆ, ಹಾಲು ಕುಡಿಯದಿದ್ದರೆ, ಆ ಒಂದು ಸಾಲು ನೋಡಿ ಮಗುವಿನ ರಕ್ತದಲ್ಲೂ ಮಲೇರಿಯಾ ಹುಡುಕುತ್ತಾರೆ. ಎದೆಹಾಲಿನಿಂದ ಇದು ಹರಡುವುದಿಲ್ಲ, ಧೈರ್ಯವಾಗಿ ಕುಡಿಸಿ.